ಪ್ಯಾಥೋ ಸಾಂಗ್ ಶೂಟ್ ಮಾಡುವುದು ಹೇಗೆ: ಕ್ಯಾಮೆರಾ ಎಷ್ಟು ಹತ್ತಿರ, ಜಾಗ ಯಾವುದು?

ನಿಧಾನವಾಗಿ ಸಾಗುವ ನೋವಿನ ಹಾಡಿಗೆ ನಮ್ಮ ಸಿನಿಮಾದವರು ಇಟ್ಟ ಹೆಸರು ಪ್ಯಾಥೋ ಸಾಂಗ್. ಅದರ ವಿಡಿಯೊ ಅಂದ ಕೂಡಲೇ ಬರುವ ಐಟಂಗಳೂ ಗೊತ್ತೇ ಇವೆ. ಮಳೆ, ಖಾಲಿ ರಸ್ತೆ, ಬೆಟ್ಟದ ತುದಿಯಲ್ಲಿ ಬೆನ್ನು ಹಾಕಿ ನಿಂತ ಹುಡುಗ, ಅವನ ಸುತ್ತ ಗಿರಕಿ ಹೊಡೆಯುವ ಡ್ರೋನ್. ನೋಡಿ ಮುಗಿಸಿದ ಮೇಲೆ ಡ್ರೋನ್ ಶಾಟ್ ಚೆನ್ನಾಗಿತ್ತು ಅನಿಸುತ್ತದೆ. ಹುಡುಗನ ಮುಖ ಮಾತ್ರ ನೆನಪಿಗೆ ಬರುವುದಿಲ್ಲ.

ಯಾಕೆ ಹೀಗೆ? ಹಾಡು ಆಗಲೇ ಅಳುತ್ತಿರುತ್ತದೆ. ಅದರ ಜೊತೆ ಕ್ಯಾಮೆರಾ, ಮಳೆ, ಬಣ್ಣ, ನಟನೆ ಎಲ್ಲವೂ ಅಳಲು ಶುರು ಮಾಡಿದರೆ ನೋಡುವವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಇಂಥ ಹಾಡಿನಲ್ಲಿ ಕ್ಯಾಮೆರಾ ಒಂದೇ ಒಂದು ವಿಷಯ ತೀರ್ಮಾನಿಸಬೇಕು: ಈ ಮನುಷ್ಯನ ಎಷ್ಟು ಹತ್ತಿರ ಹೋಗಬಹುದು? ಜಾಗವೂ ಒಂದೇ ವಿಷಯ ಹೇಳಬೇಕು: ಇಲ್ಲಿಂದ ಏನು ಹೋಗಿದೆ? ಮಿಕ್ಕಿದ್ದನ್ನು ಹಾಡೇ ನೋಡಿಕೊಳ್ಳುತ್ತದೆ.

ಒಬ್ಬ ಗಾಯಕಿ ಅಥವಾ ಗಾಯಕ, ಒಂದು ಒಳ್ಳೆ ಮೊಬೈಲ್ ಇಲ್ಲವೇ ಸಾಧಾರಣ ಮಿರರ್‌ಲೆಸ್ ಕ್ಯಾಮೆರಾ, ಕೈ ಜೋಡಿಸಲು ಇಬ್ಬರು ಗೆಳೆಯರು, ಒಂದು ದಿನ. ಇಷ್ಟು ಇದ್ದವರಿಗಾಗಿ ಈ ಮಾರ್ಗದರ್ಶಿ.

ಹಂತ 1: ಎರಡು ವಿಡಿಯೊ ನೋಡಿ, ಸೌಂಡ್ ಆಫ್ ಮಾಡಿ

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಎರಡು ಹಳೆಯ ವಿಡಿಯೊ ನೋಡಿ. ಒಂದು ಮುಖದ ಮೇಲೆ ನಿಂತಿದೆ, ಇನ್ನೊಂದು ಜಾಗದ ಮೇಲೆ. ಮೊದಲ ಸಲ ಸೌಂಡ್ ಇಲ್ಲದೆ ನೋಡಬೇಕು. ಸೌಂಡ್ ಇದ್ದರೆ ಹಾಡು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಕ್ಯಾಮೆರಾ ಏನು ಮಾಡುತ್ತಿದೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು ಐರ್ಲೆಂಡಿನ ಶಿನೇಡ್ ಓಕಾನರ್ ಹಾಡಿದ ‘ನಥಿಂಗ್ ಕಂಪೇರ್ಸ್ 2 ಯು’, 1990ರದ್ದು. ಹಾಡು ಬರೆದವನು ಅಮೆರಿಕದ ಪ್ರಿನ್ಸ್. 1985ರಲ್ಲಿ ಅದು ಬೇರೆಯೊಂದು ತಂಡದ ಆಲ್ಬಂನಲ್ಲಿ ಬಂದಿತ್ತು, ಹೆಚ್ಚು ಜನ ಗಮನಿಸಿರಲಿಲ್ಲ. ವಿಡಿಯೊ ನಿರ್ದೇಶಕ ಜಾನ್ ಮೇಬರಿ. ಬಹುಪಾಲು ವಿಡಿಯೊದಲ್ಲಿ ಇರುವುದು ಒಂದೇ ಮುಖ. ಬೋಳಿಸಿದ ತಲೆ, ಕುತ್ತಿಗೆ ಮುಚ್ಚುವ ಕಪ್ಪು ಬಟ್ಟೆ, ಹಿಂದೆ ಪೂರ್ತಿ ಕಪ್ಪು. ಕೂದಲಿಲ್ಲ, ಒಡವೆಯಿಲ್ಲ, ಗೋಡೆಯಿಲ್ಲ. ನಮ್ಮ ಕಣ್ಣಿಗೆ ಹೋಗಲು ಬೇರೆ ಜಾಗವೇ ಇಲ್ಲ. ಆಕೆ ನೇರವಾಗಿ ಲೆನ್ಸ್ ನೋಡುತ್ತಾಳೆ. ಅಂದರೆ ಬಿಟ್ಟು ಹೋದವನ ಸ್ಥಾನದಲ್ಲಿ ಕೂತಿರುವುದು ನಾವು.

ಹಾಡಿನ ಕೊನೆಯ ಭಾಗದಲ್ಲಿ ಅಮ್ಮ ಹಿತ್ತಿಲಲ್ಲಿ ನೆಟ್ಟ ಹೂಗಳ ಮಾತು ಬರುತ್ತದೆ. ಅಲ್ಲಿ ಕಣ್ಣೀರು ಕೆನ್ನೆಗೆ ಇಳಿಯುತ್ತದೆ. ಅದು ಗ್ಲಿಸರಿನ್ ಅಲ್ಲ. 1985ರಲ್ಲಿ ತೀರಿಕೊಂಡ ತನ್ನ ತಾಯಿ ಆ ಸಾಲಿನಲ್ಲಿ ನೆನಪಾದರು ಅಂತ ಆಕೆಯೇ ಮುಂದೆ ಹೇಳಿದ್ದಾಳೆ. ನಮಗೆ ಕಲಿಯಲು ಇರುವುದು ಕಣ್ಣೀರಲ್ಲ, ಅದಕ್ಕೂ ಮುಂಚಿನ ನಿಮಿಷಗಳು. ಅಷ್ಟು ಹೊತ್ತು ಮುಖ ಕೋಪ, ಹಟ, ಬೇಸರ ಅಂತ ಬದಲಾಗುತ್ತಲೇ ಇರುತ್ತದೆ. ಕ್ಯಾಮೆರಾ ಮಾತ್ರ ಕದಲುವುದಿಲ್ಲ. ಅದಕ್ಕೇ ಒಂದು ಹನಿ ಇಳಿದಾಗ ದೊಡ್ಡ ಘಟನೆ ನಡೆದಂತೆ ಆಗುತ್ತದೆ.

ನಡುನಡುವೆ ಪ್ಯಾರಿಸ್ ಹತ್ತಿರದ ಸೇಂಟ್ ಕ್ಲೂ ಪಾರ್ಕ್ ಬರುತ್ತದೆ. ಕಪ್ಪು ಕೋಟು ತೊಟ್ಟು, ಶಿಲ್ಪಗಳ ನಡುವೆ ಆಕೆ ಒಬ್ಬಳೇ ನಡೆಯುತ್ತಾಳೆ. ಈ ಶಾಟ್‌ಗಳು ಅಂದಕ್ಕೆ ಹಾಕಿದ್ದಲ್ಲ. ಅಷ್ಟು ಹತ್ತಿರದ ಮುಖವನ್ನು ಸತತವಾಗಿ ನೋಡುವುದು ಕಷ್ಟ, ನಮಗೆ ಉಸಿರು ಬಿಡಲು ಜಾಗ ಬೇಕು. ಆ ವರ್ಷದ ಎಂಟಿವಿ ಪ್ರಶಸ್ತಿಗಳಲ್ಲಿ ಇದು ವರ್ಷದ ವಿಡಿಯೊ ಆಯಿತು. ಮಹಿಳಾ ಕಲಾವಿದೆಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಎರಡನೆಯದು ಅಮೆರಿಕದ ಗಾಯಕ ಜಾನಿ ಕ್ಯಾಶ್ ಹಾಡಿದ ‘ಹರ್ಟ್’. ಟ್ರೆಂಟ್ ರೆಜ್ನರ್ 1994ರಲ್ಲಿ ತನ್ನ ನೈನ್ ಇಂಚ್ ನೇಲ್ಸ್ ತಂಡಕ್ಕೆ ಬರೆದ ಹಾಡು. 70 ದಾಟಿದ ಕ್ಯಾಶ್ ಅದನ್ನು 2002ರ ಆಲ್ಬಂನಲ್ಲಿ ಮತ್ತೆ ಹಾಡಿದ. ನಿರ್ದೇಶಕ ಮಾರ್ಕ್ ರೊಮಾನೆಕ್ ಶೂಟ್ ಮಾಡಿದ್ದು ಟೆನೆಸಿಯ ಹೆಂಡರ್ಸನ್‌ವಿಲ್‌ನಲ್ಲಿ. ಒಂದು ಕ್ಯಾಶ್‌ನ ಮನೆ, ಇನ್ನೊಂದು ಅವನದೇ ಹೆಸರಿನ ಮ್ಯೂಸಿಯಂ. ಮ್ಯೂಸಿಯಂ ಆಗಲೇ ಮುಚ್ಚಿ ಹಾಳು ಬಿದ್ದಿತ್ತು. ಹೊಸ ಸೆಟ್ ಹಾಕಲಿಲ್ಲ, ಹಾಳಾಗಿದ್ದನ್ನು ಹಾಳಾಗಿಯೇ ತೋರಿಸಿದರು. ಮಧ್ಯೆ ಮಧ್ಯೆ ಕ್ಯಾಶ್‌ನ ಯೌವನದ ಹಳೆಯ ಫಿಲ್ಮ್ ತುಣುಕುಗಳು. ಒಂದು ಕಡೆ ಗಟ್ಟಿಮುಟ್ಟಾದ ಹುಡುಗ, ಮರುಕ್ಷಣ ನಡುಗುವ ಕೈಗಳ ಮುದುಕ. ಹೆಂಡತಿ ಜೂನ್ ಮೆಟ್ಟಿಲ ಮೇಲೆ ನಿಂತು ಗಂಡನನ್ನು ನೋಡುವ ಶಾಟ್ ಒಂದಿದೆ. ಆ ನೋಟಕ್ಕೆ ಯಾವ ಸಂಭಾಷಣೆಯೂ ಬೇಡ. ಜೂನ್ 2003ರ ಮೇ ತಿಂಗಳಲ್ಲಿ ತೀರಿಕೊಂಡರು, ಕ್ಯಾಶ್ ಅದೇ ಸೆಪ್ಟೆಂಬರ್‌ನಲ್ಲಿ.

ಇದರ ಎಡಿಟಿಂಗ್ ಗಮನಿಸಿ. ಶುರುವಿನಲ್ಲಿ ಶಾಟ್‌ಗಳು ಉದ್ದ. ಪಿಯಾನೊ ಜೋರಾದ ಹಾಗೆ ಕಟ್‌ಗಳು ಹತ್ತಿರ ಹತ್ತಿರ ಬರುತ್ತವೆ, ಹಳೆಯ ಚಿತ್ರಗಳು ನುಗ್ಗುತ್ತವೆ. ಕೊನೆಗೆ ಎಲ್ಲ ನಿಂತು, ಕೈ ಪಿಯಾನೊದ ಮುಚ್ಚಳ ಮುಚ್ಚುತ್ತದೆ.

ಹಂತ 2: ಹಾಡನ್ನು ಕಾಗದದ ಮೇಲೆ ಹರಡಿ

ಈಗ ನಿಮ್ಮ ಹಾಡು. ಉದ್ದನೆಯ ಹಾಳೆಯ ಮೇಲೆ ಒಂದು ಗೆರೆ ಎಳೆದು ಪಲ್ಲವಿ, ಬಿಜಿಎಂ, ಚರಣ, ಮತ್ತೆ ಪಲ್ಲವಿ ಎಲ್ಲವನ್ನೂ ಸೆಕೆಂಡ್ ಸಮೇತ ಗುರುತು ಮಾಡಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಾಡುವವರಿಗೆ ಹಾಡಿನ ಯಾವ ಸಾಲಿನಲ್ಲಿ ನಿಜಕ್ಕೂ ಗಂಟಲು ಕಟ್ಟುತ್ತದೆ? ಯಾವ ಸಾಲಿನಲ್ಲಿ ಸುಳ್ಳು ಹೇಳುತ್ತಿದ್ದಾರೆ, ಅಂದರೆ ‘ನಾನು ಚೆನ್ನಾಗಿದ್ದೇನೆ’ ಅನ್ನುವ ಥರದ ಸಾಲು ಯಾವುದು? ವಾದ್ಯಗಳು ಪೂರ್ತಿ ನಿಲ್ಲುವುದು ಎಲ್ಲಿ?

ಆ ಗಂಟಲು ಕಟ್ಟುವ ಸಾಲಿಗೆ ಕೆಂಪು ಗುರುತು ಹಾಕಿ. ಇಡೀ ವಿಡಿಯೊದ ಅತಿ ಹತ್ತಿರದ ಶಾಟ್ ಅಲ್ಲಿಗೆ ಮೀಸಲು. ಅದಕ್ಕೂ ಮೊದಲು ಅಷ್ಟು ಹತ್ತಿರ ಹೋಗಲೇಬೇಡಿ. ಶಿನೇಡ್ ವಿಡಿಯೊದಂತೆ ಶುರುವಿನಿಂದಲೇ ಮುಖ ಹಿಡಿಯುವ ಧೈರ್ಯ ಬೇಕಾದರೆ ಅಂಥ ಮುಖವೂ ಬೇಕು. ಅದು ಎಲ್ಲರಿಗೂ ಒಗ್ಗುವ ದಾರಿಯಲ್ಲ.

ಲೆಕ್ಕವನ್ನೂ ಈಗಲೇ ಮುಗಿಸಿ. ಹಾಡಿನ ವೇಗ ನಿಮಿಷಕ್ಕೆ 72 ಬೀಟ್ ಅಂದುಕೊಳ್ಳಿ. ಒಂದು ಬೀಟ್ 0.83 ಸೆಕೆಂಡ್, ನಾಲ್ಕು ಬೀಟಿನ ಒಂದು ಆವರ್ತ ಸುಮಾರು 3.3 ಸೆಕೆಂಡ್, ಎರಡು ಆವರ್ತ 6.7, ನಾಲ್ಕು ಆವರ್ತ 13.3. ನಿಧಾನದ ಹಾಡಿನಲ್ಲಿ ಒಂದು ಶಾಟ್ ಸರಾಸರಿ 6ರಿಂದ 8 ಸೆಕೆಂಡ್ ನಿಂತರೆ ಕಣ್ಣಿಗೆ ಹಿತ. ಅಂದರೆ 4 ನಿಮಿಷದ ಹಾಡಿಗೆ 30ರಿಂದ 40 ಶಾಟ್ ಸಾಕು. ನೂರೈವತ್ತು ಶಾಟ್‌ಗಳ ಪಟ್ಟಿ ಹಿಡಿದು ಬರುವ ಗೆಳೆಯನಿಗೆ ಕಾಫಿ ಕೊಡಿಸಿ ಕೂರಿಸಿ.

ಹಂತ 3: ಜಾಗ ಹುಡುಕಿ, ಲೊಕೇಶನ್ ಅಲ್ಲ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ‘ಲೊಕೇಶನ್ ಸೂಪರ್ ಆಗಿದೆ’ ಅಂದರೆ ಸಾಮಾನ್ಯವಾಗಿ ಅದು ಪ್ರವಾಸಿ ಜಾಗ. ಮುಳ್ಳಯ್ಯನಗಿರಿ ಚೆನ್ನಾಗಿದೆ, ಒಪ್ಪೋಣ. ಆದರೆ ಅದು ಎಲ್ಲರಿಗೂ ಸೇರಿದ್ದು. ನಿಮ್ಮ ಹಾಡಿನ ಹುಡುಗಿ ಅಲ್ಲಿ ಏನು ಕಳೆದುಕೊಂಡಿದ್ದಾಳೆ? ಬರೀ ನೋಟ ಚೆನ್ನಾಗಿರುವ ಜಾಗದಲ್ಲಿ ನೋವು ಪೋಸ್ಟರ್ ಆಗಿಬಿಡುತ್ತದೆ.

ಜಾಗ ಆರಿಸುವಾಗ ಮೊದಲು ಕೇಳಬೇಕಾದ್ದು: ಇಲ್ಲಿ ಇಬ್ಬರು ಇದ್ದರು ಅನ್ನುವುದಕ್ಕೆ ಸಾಕ್ಷಿ ಏನಿದೆ?

ಒಂದು ಉದಾಹರಣೆ. ಬೆಂಗಳೂರಿನ ಯಾವುದಾದರೂ ಬಾಡಿಗೆ ಮನೆ, ಖಾಲಿ ಮಾಡಿದ ಮರುದಿನ. ಗೋಡೆಯಲ್ಲಿ ಕ್ಯಾಲೆಂಡರ್ ನೇತು ಹಾಕಿದ್ದ ಮೊಳೆ, ಅದರ ಕೆಳಗೆ ಚೌಕಾಕಾರದಲ್ಲಿ ಮಾಸದೆ ಉಳಿದ ಬಣ್ಣ. ಬೀರು ನಿಂತಿದ್ದ ಕಡೆ ನೆಲದ ಮೇಲೆ ನಾಲ್ಕು ಕಾಲಿನ ಗುರುತು. ಬಾಗಿಲ ಹಿಂದೆ ಅಂಟಿಸಿದ್ದ ಹುಕ್ಕು ಕಿತ್ತಾಗ ಬಣ್ಣದ ಜೊತೆ ಎದ್ದು ಬಂದ ಗಾರೆ. ಅಡುಗೆಮನೆಯ ಟೈಲ್ಸ್ ಮೇಲೆ ಒಗ್ಗರಣೆ ಸಿಡಿದ ಎಣ್ಣೆಯ ಚುಕ್ಕೆಗಳು. ಓನರ್ ಇವನ್ನೆಲ್ಲ ನೋಡಿ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡಿದುಕೊಳ್ಳುತ್ತಾರೆ. ನಿಮಗೆ ಅವೇ ಶಾಟ್‌ಗಳು. ಆ ಚೌಕದ ಪಕ್ಕದಲ್ಲಿ ಗಾಯಕಿ ಗೋಡೆಗೆ ಒರಗಿ ಕೂತರೆ, ಏನಾಯಿತು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಡೆದ ಫೋಟೊ ಫ್ರೇಮ್, ಹರಿದ ಪತ್ರ, ಉರಿಯುವ ಗ್ರೀಟಿಂಗ್ ಕಾರ್ಡ್ ಯಾವುದೂ ಬೇಡ.

ಸಾರ್ವಜನಿಕ ಜಾಗವೂ ಕೆಲಸ ಮಾಡುತ್ತದೆ, ಹೊತ್ತು ಸರಿಯಾಗಿದ್ದರೆ. ಬ್ರಿಟನ್ನಿನ ಗಾಯಕಿ ಅಡೆಲ್‌ಳ ‘ಸಮ್‌ವನ್ ಲೈಕ್ ಯು’ ವಿಡಿಯೊವನ್ನು ಜೇಕ್ ನಾವಾ ಪ್ಯಾರಿಸ್‌ನಲ್ಲಿ ತೆಗೆದ, ಅದೂ ಕಪ್ಪು ಬಿಳುಪಿನಲ್ಲಿ. ಸೇನ್ ನದಿ, ಅಲೆಕ್ಸಾಂಡರ್ ಸೇತುವೆ, ಜನರೇ ಇಲ್ಲದ ಬೆಳಗು. ಪ್ರೇಮಿಗಳ ಊರು ಅಂತ ಹೆಸರಾದ ಕಡೆ ಒಬ್ಬಳೇ ನಡೆಯುವುದರಲ್ಲೇ ಕಥೆ ಇದೆ. ಆರ್‌ಇಎಂ ತಂಡದ ‘ಎವ್ರಿಬಡಿ ಹರ್ಟ್ಸ್’ ಇದಕ್ಕೆ ಪೂರ್ತಿ ಉಲ್ಟಾ. ಜೇಕ್ ಸ್ಕಾಟ್ ಅದನ್ನು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಹೆದ್ದಾರಿಯಲ್ಲಿ, ನಿಂತುಹೋದ ಟ್ರಾಫಿಕ್‌ನಲ್ಲಿ ತೆಗೆದ. ಪ್ರತಿ ಕಾರಿನೊಳಗಿನವರ ಮನಸ್ಸಿನ ಮಾತು ಅಕ್ಷರದಲ್ಲಿ ಕಾಣುತ್ತದೆ. ಜನ ತುಂಬಿದ ಕಡೆ ಒಂಟಿತನ ಇನ್ನೂ ಜಾಸ್ತಿ ಕಾಣುತ್ತದೆ, ಅಲ್ವಾ? ಸಿಲ್ಕ್ ಬೋರ್ಡ್ ಜಂಕ್ಷನ್ ಇರುವ ಊರಿನವರು ಇದನ್ನು ಇನ್ನೂ ಯಾಕೆ ಬಳಸಿಕೊಂಡಿಲ್ಲವೋ.

ಒಂದು ಎಚ್ಚರಿಕೆ. ರೈಲ್ವೆ ಸ್ಟೇಷನ್, ಹಂಪಿಯಂಥ ಸಂರಕ್ಷಿತ ಸ್ಮಾರಕ, ಅರಣ್ಯ ಇಲಾಖೆಯ ಜಾಗ, ಎಲ್ಲದಕ್ಕೂ ಮೊದಲೇ ಅನುಮತಿ ಬೇಕು. ಸುಮ್ನೆ ಹೋಗಿ ನಿಂತರೆ ಅರ್ಧ ದಿನ ಸೆಕ್ಯುರಿಟಿಯವರ ಜೊತೆಯಲ್ಲೇ ಹೋಗುತ್ತದೆ.

ಎರಡು ಜಾಗ ಸಾಕು. ಒಂದು ಒಳಗಿನದು, ಒಂದು ಹೊರಗಿನದು. ಒಳಗೆ ನೆನಪು, ಹೊರಗೆ ಉಸಿರು.

ಹಂತ 4: ದೂರ ತೀರ್ಮಾನಿಸಿ

ಮೊಬೈಲ್‌ನಲ್ಲಿ ಕ್ಲೋಸಪ್ ತೆಗೆಯುವವರು ಮುಖದ ಹತ್ತಿರ ಹೋಗಿಬಿಡುತ್ತಾರೆ. ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ವೈಡ್ ಲೆನ್ಸ್. ಅಷ್ಟು ಹತ್ತಿರದಿಂದ ಮೂಗು ದಪ್ಪಗೆ, ಕಿವಿ ಚಿಕ್ಕದಾಗಿ ಕಾಣುತ್ತದೆ. ಟೆಲಿ ಲೆನ್ಸ್‌ಗೆ ಬದಲಾಯಿಸಿ, 2 ಅಥವಾ 3 ಪಟ್ಟು ಇಟ್ಟು, ಹಿಂದೆ ಸರಿದು ನಿಲ್ಲಿ. ದೊಡ್ಡ ಕ್ಯಾಮೆರಾ ಆದರೆ ಮುಖಕ್ಕೆ 85 ಎಂಎಂ, ಕೋಣೆಗೆ 35. ಹಿಂದೆ ಸರಿಯುವುದರಿಂದ ಇನ್ನೊಂದು ಲಾಭವೂ ಇದೆ. ಹಾಡುವವರ ಮೂಗಿನ ತುದಿಯಲ್ಲಿ ಫೋನ್ ಹಿಡಿದು ನಿಂತರೆ ಯಾರಿಗೆ ಭಾವ ಬರುತ್ತದೆ?

ಲೆನ್ಸ್ ಕಣ್ಣಿನ ಎತ್ತರಕ್ಕೇ ಇರಲಿ. ಮೇಲಿನಿಂದ ತೆಗೆದರೆ ಅಯ್ಯೋ ಪಾಪ ಅನಿಸುತ್ತದೆ, ಕೆಳಗಿನಿಂದ ತೆಗೆದರೆ ಹೀರೊ ಎಂಟ್ರಿ ಆಗುತ್ತದೆ. ನೋವಿನಲ್ಲಿ ಇರುವವರಿಗೆ ಎರಡೂ ಬೇಡ.

ಖಾಲಿತನ ತೋರಿಸಲು ಅತಿ ಸುಲಭದ ದಾರಿ ಫ್ರೇಮ್‌ನಲ್ಲೇ ಇದೆ. ಗಾಯಕಿಯನ್ನು ಎಡ ಅಂಚಿಗೆ ಕೂರಿಸಿ, ಬಲಗಡೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಡಿ. ಸೋಫಾ, ಬಸ್ ಸೀಟು, ಜಗಲಿ ಯಾವುದಾದರೂ ಸರಿ. ಆಕೆ ಆ ಖಾಲಿ ಕಡೆಗೆ ನೋಡಿದರೆ ಕಾಯುತ್ತಿದ್ದಾಳೆ ಅನಿಸುತ್ತದೆ. ಅದಕ್ಕೆ ಬೆನ್ನು ಮಾಡಿ ಫ್ರೇಮ್‌ನ ಅಂಚಿನ ಕಡೆಗೇ ನೋಡಿದರೆ ಕಾಯುವುದನ್ನು ಬಿಟ್ಟಿದ್ದಾಳೆ ಅನಿಸುತ್ತದೆ. ಮೊದಲ ಪಲ್ಲವಿಗೆ ಒಂದು, ಕೊನೆಯ ಪಲ್ಲವಿಗೆ ಇನ್ನೊಂದು ಇಟ್ಟರೆ ಒಂದು ಮಾತೂ ಆಡದೆ ಕಥೆ ಮುಂದೆ ಹೋಗಿರುತ್ತದೆ.

ಲೆನ್ಸ್ ನೋಡಬೇಕಾ, ಬೇಡವಾ? ಹಾಡು ‘ನೀನು’ ಅಂತ ಮಾತಾಡಿದರೆ ನೋಡಬಹುದು. ‘ಅವನು’ ಅಂತಿದ್ದರೆ ಬೇಡ. ಇದು ಕಟ್ಟುನಿಟ್ಟಿನ ನಿಯಮವೇನಲ್ಲ, ಆದರೆ ಗೊಂದಲ ತಪ್ಪಿಸುತ್ತದೆ.

ಹಂತ 5: ಕ್ಯಾಮೆರಾ ಅಲುಗಾಡಬೇಕಾದರೆ ಕಾರಣ ಕೇಳಿ

ಗಿಂಬಲ್ (ಕೈನಡುಕ ತಡೆಯುವ ಹಿಡಿ) ಬಂದ ಮೇಲೆ ಕ್ಯಾಮೆರಾಗಳು ನಿಲ್ಲುವುದನ್ನೇ ಮರೆತಿವೆ. ಯಾವ ಶಾಟ್ ಆದರೂ ಮೊದಲು ಟ್ರೈಪಾಡ್ ಮೇಲೆ ಶುರು ಮಾಡಿ. ಹಾಡಿನಲ್ಲಿ ಏನಾದರೂ ಬದಲಾದಾಗ ಮಾತ್ರ ಕ್ಯಾಮೆರಾ ಅಲುಗಾಡಲಿ.

ನಿಧಾನವಾಗಿ ಮುಂದೆ ಸರಿಯುವುದು ಒಂದು ವಿಷಯ ಅರ್ಥವಾಗುತ್ತಿರುವಾಗ. 20 ಸೆಕೆಂಡಿಗೆ ಒಂದು ಅಡಿ, ಅಷ್ಟೇ. ನೋಡುವವರಿಗೆ ಸರಿದಿದ್ದೇ ಗೊತ್ತಾಗಬಾರದು. ಸ್ಲೈಡರ್ (ಕ್ಯಾಮೆರಾ ಜಾರಿಸುವ ಹಳಿ) ಇಲ್ಲದಿದ್ದರೆ ಕ್ಯಾಮೆರಾ ಹಿಡಿದವರನ್ನು ವೀಲ್‌ಚೇರ್‌ನಲ್ಲಿ ಕೂರಿಸಿ ನಯವಾದ ನೆಲದ ಮೇಲೆ ತಳ್ಳಿ. 4ಕೆಯಲ್ಲಿ ತೆಗೆದು ಎಡಿಟಿಂಗ್‌ನಲ್ಲಿ ನಿಧಾನಕ್ಕೆ ದೊಡ್ಡದು ಮಾಡುವುದೂ ಆಗುತ್ತದೆ. ಆದರೆ ಆಗ ಹಿಂದಿನ ಗೋಡೆ ಮುಖದ ಜೊತೆಗೇ ದೊಡ್ಡದಾಗುತ್ತದೆ. ನಿಜವಾಗಿ ಸರಿದಾಗ ಮುಖ ಮಾತ್ರ ನಮ್ಮ ಕಡೆ ಬರುತ್ತದೆ. ಕಣ್ಣಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹಿಂದಕ್ಕೆ ಸರಿಯುವುದು ಬಿಟ್ಟು ಹೋಗುವಾಗ. ಕೈಯಲ್ಲಿ ಹಿಡಿದ ಕ್ಯಾಮೆರಾದ ಸಣ್ಣ ನಡುಕ ಕೋಪಕ್ಕೆ, ಗಾಬರಿಗೆ. ಗಿರಕಿ ಹೊಡೆಯುವ ಡ್ರೋನ್ ಯಾವುದಕ್ಕೆ? ರಿಯಲ್ ಎಸ್ಟೇಟ್ ಜಾಹೀರಾತಿಗೆ.

ಹಂತ 6: ಬೆಳಕು

ಒಳಗಿನ ಶಾಟ್‌ಗೆ ಒಂದು ಕಿಟಕಿ ಸಾಕು. ಟ್ಯೂಬ್‌ಲೈಟ್ ಆರಿಸಿ. ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ ಕೂರಿಸಿ, ಮುಖ ಅರ್ಧ ಬೆಳಕಿಗೆ, ಅರ್ಧ ನೆರಳಿಗೆ ಇರಲಿ. ಕಣ್ಣಿನಲ್ಲಿ ಕಿಟಕಿಯ ಬಿಳಿ ಚುಕ್ಕೆ ಕಾಣುತ್ತಿದೆಯಾ ನೋಡಿ. ಆ ಚುಕ್ಕೆ ಇಲ್ಲದ ಕಣ್ಣಿಗೆ ಜೀವ ಇರುವುದಿಲ್ಲ.

ಕಪ್ಪು ಹಿನ್ನೆಲೆ ಬೇಕೆಂದರೆ ಕಪ್ಪು ಬಟ್ಟೆಯನ್ನು ಬೆನ್ನಿಗೆ ಅಂಟಿಸಬೇಡಿ. ಏಳೆಂಟು ಅಡಿ ಹಿಂದೆ ಕಟ್ಟಿ. ದೂರ ಹೆಚ್ಚಾದಂತೆ ಕಿಟಕಿಯ ಬೆಳಕು ಬೇಗ ಕುಸಿಯುತ್ತದೆ, ಬಟ್ಟೆಯ ಸುಕ್ಕು ಕಾಣದೆ ಪೂರ್ತಿ ಕಪ್ಪಾಗುತ್ತದೆ.

ಹೊರಗೆ ಸೂರ್ಯ ಮುಳುಗಿದ ನಂತರದ ನೀಲಿ ಬೆಳಕು ಇಂಥ ಹಾಡಿಗೆ ಒಪ್ಪುತ್ತದೆ. ನಮ್ಮ ಕಡೆ ಅದು ಸುಮಾರು 20 ನಿಮಿಷ ಮಾತ್ರ. ಲಂಡನ್, ಟೊರಾಂಟೊ ಕಡೆಯ ಕನ್ನಡಿಗರಿಗೆ ಬೇಸಿಗೆಯಲ್ಲಿ ಜಾಸ್ತಿ ಹೊತ್ತು ಸಿಗುತ್ತದೆ. ಆ ಅದೃಷ್ಟ ಬಳಸಿಕೊಳ್ಳಿ.

ಸೆಟ್ಟಿಂಗ್ಸ್ ಬೇಗ ಹೇಳಿಬಿಡುತ್ತೇನೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಈ ಶಟರ್ ಇಟ್ಟರೆ ವಿಡಿಯೊದಲ್ಲಿ ಬಲ್ಬ್‌ಗಳು ಮಿಣುಕುವುದಿಲ್ಲ. ಬಿಸಿಲಿನಲ್ಲಿ ಈ ಶಟರ್ ಉಳಿಸಿಕೊಳ್ಳಲು ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಬೇಕು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ ಹಗಲಿಗೆ 5600 ಕೆಲ್ವಿನ್ ಸುತ್ತಮುತ್ತ. ಆಟೊದಲ್ಲಿ ಬಿಟ್ಟರೆ ಶಾಟ್ ನಡುವೆಯೇ ಚರ್ಮದ ಬಣ್ಣ ಬದಲಾಗಿ ಶಾಟ್ ಕೆಡಬಹುದು.

ಹಂತ 7: ತುಟಿ, ಉಸಿರು, ಟೇಕ್

ಶೂಟಿಂಗ್‌ನಲ್ಲಿ ಹಾಡನ್ನು ಜೋರಾಗಿ ಹಾಕಿ. ಮುಂದೆ ನಾಲ್ಕು ಬೀಟಿನ ಟಿಕ್ ಸೇರಿಸಿಕೊಂಡಿರಿ, ಶುರು ಎಲ್ಲಿ ಅಂತ ಗೊತ್ತಾಗುತ್ತದೆ. ಗಾಯಕಿ ಬರೀ ತುಟಿ ಆಡಿಸಬಾರದು, ನಿಜವಾಗಿ ದನಿ ತೆಗೆದು ಹಾಡಬೇಕು. ಇಲ್ಲದಿದ್ದರೆ ಕುತ್ತಿಗೆಯ ನರ ಬಿಗಿಯುವುದಿಲ್ಲ, ಸಾಲಿನ ಮೊದಲು ಎದೆ ಉಬ್ಬುವುದಿಲ್ಲ. ಕ್ಲೋಸಪ್‌ನಲ್ಲಿ ಆ ಸುಳ್ಳು ತಕ್ಷಣ ಸಿಕ್ಕಿಬೀಳುತ್ತದೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ‘ಸ್ಟ್ರೀಟ್ಸ್ ಆಫ್ ಫಿಲಡೆಲ್ಫಿಯಾ’ಗಾಗಿ ಬೀದಿಯಲ್ಲಿ ನಡೆಯುತ್ತ, ಬಟ್ಟೆಯೊಳಗೆ ಬಚ್ಚಿಟ್ಟ ಮೈಕ್‌ಗೆ ಅಲ್ಲೇ ಹಾಡಿದ್ದ. ವಿಡಿಯೊದಲ್ಲಿ ಕೇಳುವುದು ಆ ದನಿಯೇ.

ಸ್ಲೋ ಮೋಷನ್‌ನಲ್ಲೂ ತುಟಿ ಹಾಡಿಗೆ ಕೂಡಬೇಕಾ? 50 ಫ್ರೇಮ್‌ನಲ್ಲಿ ತೆಗೆಯಿರಿ, ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ ಹಾಡಿಸಿ, ಆಮೇಲೆ 25ಕ್ಕೆ ಇಳಿಸಿ. ಕೂದಲು, ಸೆರಗು, ಮಳೆ ಎಲ್ಲ ನಿಧಾನ, ತುಟಿ ಮಾತ್ರ ಸರಿಯಾಗಿ. ಇದು ತೀರಾ ಹೆಚ್ಚೆನಿಸಿದರೆ 30 ಫ್ರೇಮ್‌ನಲ್ಲಿ ತೆಗೆದು, ಹಾಡನ್ನು ಒಂದೂಕಾಲು ಪಟ್ಟು ವೇಗದಲ್ಲಿ ಹಾಕಿ, 24ಕ್ಕೆ ಇಳಿಸಿ. ಏನೋ ತೇಲುತ್ತಿದೆ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ನನಗೆ ಇದೇ ಇಷ್ಟ. ಆದರೆ ಆಗ ಇಡೀ ವಿಡಿಯೊ 24ರಲ್ಲೇ ಇರಬೇಕು. ಕೋಲ್ಡ್‌ಪ್ಲೇ ತಂಡದ ಗಾಯಕ ಕ್ರಿಸ್ ಮಾರ್ಟಿನ್ ಅಂತೂ ‘ದಿ ಸೈಂಟಿಸ್ಟ್’ಗಾಗಿ ಇಡೀ ಹಾಡನ್ನು ಹಿಂದುಮುಂದಾಗಿ ಹಾಡಲು ಕಲಿತಿದ್ದ. ವಿಡಿಯೊ ಪೂರ್ತಿ ಹಿಂದಕ್ಕೆ ಓಡುತ್ತದೆ, ತುಟಿ ಮಾತ್ರ ಮುಂದಕ್ಕೆ. ವಿಡಿಯೊದ ಕಥೆಯಲ್ಲಿ ಆಗಿಹೋದ ಅಪಘಾತವನ್ನು ಇಲ್ಲವಾಗಿಸುವ ಆಸೆಯನ್ನು ತಂತ್ರವೇ ಹೇಳಿಬಿಡುತ್ತದೆ.

ಮೊದಲು ಪೂರ್ತಿ ಹಾಡನ್ನು ಒಂದೇ ಮಿಡ್ ಶಾಟ್‌ನಲ್ಲಿ (ಸೊಂಟದಿಂದ ಮೇಲೆ ಕಾಣುವಂತೆ) ತೆಗೆದಿಟ್ಟುಕೊಳ್ಳಿ, ಏನೇ ಕೆಟ್ಟರೂ ಅದು ಕಾಪಾಡುತ್ತದೆ. ಆಮೇಲೆ ಹೊರಗಿನ ಶಾಟ್‌ಗಳು. ಕೆಂಪು ಗುರುತಿನ ಕ್ಲೋಸಪ್ ದಿನದ ಕೊನೆಗೆ, ಎಲ್ಲರೂ ಸ್ವಲ್ಪ ಸುಸ್ತಾದಾಗ. ಆಗ ಮುಖದಲ್ಲಿ ನಟನೆ ಕಡಿಮೆ ಇರುತ್ತದೆ. ಕೋಣೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಬೇಡ. ‘ಇನ್ನೂ ಸ್ವಲ್ಪ ಫೀಲ್ ಕೊಡಿ’ ಅಂತ ಹೇಳಲೇಬೇಡಿ. ಅಳು ತಡೆದುಕೊಳ್ಳಿ ಅಂತ ಹೇಳಿ. ತಡೆಯುವ ಮುಖ ಅಳುವ ಮುಖಕ್ಕಿಂತ ಹೆಚ್ಚು ಕಾಡುತ್ತದೆ. ಹಾಡು ನಿಂತ ಮೇಲೂ ಹತ್ತು ಸೆಕೆಂಡ್ ಕಟ್ ಹೇಳಬೇಡಿ.

ಹಂತ 8: ಎಡಿಟಿಂಗ್

ಪ್ರತಿ ಬೀಟಿಗೂ ಕಟ್ ಮಾಡುವ ಚಟ ಬಿಡಿ. ಸಾಲಿನ ಕೊನೆಯ ಪದ ಮುಗಿದ ಮೇಲೆ ಮುಖದ ಮೇಲೆ ಒಂದು ಕ್ಷಣ ನಿಲ್ಲಿ. ಹೇಳಿದ್ದು ಅವರಿಗೇ ತಟ್ಟುವುದು ಆಗ. ಹಂತ 2ರ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ಪಲ್ಲವಿಗೆ ನಾಲ್ಕು ಆವರ್ತದ ಶಾಟ್‌ಗಳು, ಚರಣಕ್ಕೆ ಎರಡು, ಹಾಡು ಏರಿದಾಗ ಒಂದು. ಕೆಂಪು ಗುರುತು ಬಂದ ಕೂಡಲೇ ಎಲ್ಲ ನಿಲ್ಲಿಸಿ ಒಂದೇ ಉದ್ದನೆಯ ಶಾಟ್. ಅದು ಚೆನ್ನಾಗಿ ಬಂದಿದ್ದರೆ ಮಧ್ಯೆ ಕತ್ತರಿ ಹಾಕಲೇಬೇಡಿ, ಫೋಕಸ್ ಸ್ವಲ್ಪ ಆಚೀಚೆ ಆಗಿದ್ದರೂ ಸರಿ.

ಹಾಡಿನ ಪದಕ್ಕೆ ಅದೇ ಚಿತ್ರ ತೋರಿಸಬೇಡಿ. ‘ಮಳೆ’ ಅಂದಾಗ ಮಳೆ, ‘ದಾರಿ’ ಅಂದಾಗ ದಾರಿ ಬಂದರೆ ಮಕ್ಕಳ ಅಕ್ಷರಮಾಲೆ ಪುಸ್ತಕವಾಗುತ್ತದೆ. ಬಣ್ಣದ ವಿಷಯದಲ್ಲಿ ಇಡೀ ವಿಡಿಯೊ ನೀಲಿ ಮಾಡುವ ಫಿಲ್ಟರ್ ಬೇಡ. ಚರ್ಮದ ಬಣ್ಣ ಹಾಗೇ ಇರಲಿ, ಗೋಡೆ ಮತ್ತು ಬಟ್ಟೆಯ ಬಣ್ಣ ಸ್ವಲ್ಪ ಮಂಕಾಗಿಸಿ. ಕಪ್ಪು ಬಿಳುಪು ಬೇಕಿದ್ದರೆ ಶೂಟಿಂಗ್‌ಗೂ ಮೊದಲೇ ತೀರ್ಮಾನಿಸಿ. ಬೆಳಕು ಕೆಟ್ಟಿದೆ ಅಂತ ಕೊನೆಗೆ ಕಪ್ಪು ಬಿಳುಪು ಮಾಡಿದ್ದು ಎಲ್ಲರಿಗೂ ಗೊತ್ತಾಗುತ್ತದೆ.

ಮುಗಿದ ಮೇಲೆ ಸೌಂಡ್ ಆಫ್ ಮಾಡಿ, ಹಾಡು ಗೊತ್ತಿಲ್ಲದ ಯಾರಿಗಾದರೂ ಮೊಬೈಲ್‌ನಲ್ಲಿ ತೋರಿಸಿ. ಯಾರು ಹೋದರು, ಇವರು ಇನ್ನೂ ಕಾಯುತ್ತಿದ್ದಾರಾ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಶಾಟ್ ಸೇರಿಸಲು ಹೋಗಬೇಡಿ, ಒಂದಷ್ಟು ತೆಗೆದು ಮತ್ತೆ ತೋರಿಸಿ.

ಅಪ್‌ಲೋಡ್ ಮಾಡುವ ಮೊದಲು ಇನ್ನೊಂದು ಕೆಲಸ. ಬೇರೆ ವಿಡಿಯೊ, ಸಬ್‌ಸ್ಕ್ರೈಬ್ ಗುಂಡಿ ತೋರಿಸುವ ಯೂಟ್ಯೂಬ್‌ನ ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಕಷ್ಟಪಟ್ಟು ಹಿಡಿದ ಕೊನೆಯ ಶಾಟ್‌ನಲ್ಲಿ ಗಾಯಕಿಯ ಮುಖದ ಮೇಲೆ ಸಬ್‌ಸ್ಕ್ರೈಬ್ ಗುಂಡಿ ಕೂರಬಾರದು ಅಂದರೆ, ವಿಡಿಯೊದ ಕೊನೆಗೆ ಅಷ್ಟು ಹೊತ್ತಿನ ಕಪ್ಪು ಪರದೆ ಸೇರಿಸಿ.